ಹಳೇ ಹಡಗಿನ ಹೊಸ ಹೆಸರು

ಸಂಜೆ ಹಡಗು ನಿಲ್ಲುವ ಧಕ್ಕೆಯಿಂದ ಮನೆಗೆ ಬಂದಾಗ ನಮ್ಮ ಯಜಮಾನರ ಕಣ್ಣುಗಳ ಸುತ್ತ ಎರಡು ಕೆಂಪು ಉಂಗುರಗಳಿರುತ್ತಿದ್ದವು. ದುರ್ಬೀನನ್ನು ಅಷ್ಟು ಹೊತ್ತು, ಅಷ್ಟು ಒತ್ತಿ ಹಿಡಿದು ಸರೋವರದ ಹಡಗುಗಳನ್ನು ನೋಡುತ್ತಿದ್ದರು ಆ ಮನುಷ್ಯ. ನನ್ನನ್ನು ನೋಡಿ ಅವರ ಮುಖದ ಮೇಲೆ ಯಾವ ಗುರುತೂ ಬಿದ್ದದ್ದು ನನಗೆ ನೆನಪಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೆ ನನಗೆ ಸವತಿಯೇ ಬೇಕಾಗಿರಲಿಲ್ಲ. ಅದಿರು ಹೊರುವ ಒಂದು ತುಕ್ಕು ಹಡಗು ಸಾಕಾಗಿತ್ತು.

ನಮ್ಮ ಊರು ಸಮುದ್ರ ಕಂಡದ್ದಲ್ಲ. ಆದರೆ ಆಚೆ ದಡ ಕಾಣದಷ್ಟು ದೊಡ್ಡ ಸರೋವರವಿತ್ತು, ಅದರ ಮೇಲೆ ಅದಿರು, ಜೋಳ, ಸಿಮೆಂಟು ಸಾಗಿಸುವ ಹಡಗುಗಳಿದ್ದವು, ಆ ಹಡಗುಗಳಿಗೆ ಅಂಟಿಕೊಂಡ ಒಂದಷ್ಟು ಹುಚ್ಚರಿದ್ದರು. ಅಂಚೆ ಕಚೇರಿಯಲ್ಲಿದ್ದ ಇವರು, ಇವರ ಗೆಳೆಯ ಔಷಧಿ ಅಂಗಡಿಯ ಶೇಷಗಿರಿಯವರು, ಇನ್ನೂ ನಾಲ್ಕಾರು ಜನ ದಿನಾ ಸಂಜೆ ಧಕ್ಕೆಯ ಕಟ್ಟೆಯ ಮೇಲೆ ಸೇರುತ್ತಿದ್ದರು. ಯಾವುದರ ಎಂಜಿನ್ ಬದಲಾಯಿತು, ಯಾವುದರ ಚಿಮಣಿಗೆ ಹೊಸ ಬಣ್ಣ ಬಂತು, ಯಾವುದು ಯಾರಿಗೆ ಮಾರಾಟವಾಯಿತು, ಇದೇ ಮಾತು. ಊರಲ್ಲೊಂದು ಪದ್ಧತಿಯೂ ಇತ್ತು. ಹಡಗು ಕೈ ಬದಲಾದ ಸುದ್ದಿಯನ್ನು ಆ ಕಟ್ಟೆಗೆ ಯಾರು ಮೊದಲು ತರುತ್ತಾರೋ ಅವರನ್ನೇ ಹೊಸ ಮಾಲೀಕ ಕರೆಸಿ, ಹಡಗಿಗೆ ಹೊಸ ಹೆಸರು ಹೇಳಿ ಎಂದು ಕೇಳುತ್ತಿದ್ದ. ಆ ಮರ್ಯಾದೆಗಾಗಿ ಹುಚ್ಚರೆಲ್ಲ ಬಾಯಿ ಬಾಯಿ ಬಿಡುತ್ತಿದ್ದರು.

ಒಂದು ಸಂಜೆ ಇವರು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೇ ನುಗ್ಗಿದರು.

“‘ಗಂಭೀರ’ ಮಾರಾಟವಾಯ್ತು ಕಣೇ! ಚಿಮಣಿ ಮೇಲಿನ ಹಳೇ ಮಾಲೀಕರ ಹಳದಿ ಪಟ್ಟಿ ಕೆರೀತಿದ್ದಾರೆ. ನಾನೇ ಮೊದಲು ನೋಡಿದ್ದು. ಇನ್ಮೇಲೆ ಅದಿರು ಬಿಟ್ಟು ಸಿಮೆಂಟು ಹೊರುತ್ತಂತೆ.”

“ಹೊರಲಿ ಬಿಡಿ. ಹೆಸರು ನೀವೇ ಇಡಬೇಕಲ್ಲ, ಯೋಚಿಸಿದ್ದೀರಾ?” ಎಂದೆ, ಸೌಟಿನ ಕಡೆಯೇ ನೋಡುತ್ತ.

“ನೋಡೋಣ,” ಎಂದರು.

ಆ ‘ನೋಡೋಣ’ವನ್ನು ಎಷ್ಟು ಸಲ ಮೆಲುಕು ಹಾಕಿದೆನೋ! ಹೂಂ ಅಂದ ಹಾಗೇ ಅಂದುಕೊಂಡೆ. ನನ್ನ ಹೆಸರು ಲಗ್ನಪತ್ರಿಕೆ ಬಿಟ್ಟರೆ ಇನ್ನೆಲ್ಲೂ ಅಚ್ಚಾದದ್ದಲ್ಲ. ಅದು ಆಳೆತ್ತರದ ಬಿಳಿ ಅಕ್ಷರಗಳಲ್ಲಿ ನೀರು ಸೀಳಿಕೊಂಡು ಹೋಗುವುದನ್ನು ನೆನೆದು ಒಬ್ಬಳೇ ಇದ್ದಾಗ ನಗುತ್ತಿದ್ದೆ. ಇವರು ಅಷ್ಟು ಪ್ರೀತಿಯಿಂದ ನೋಡುವ ಹಡಗಿಗೆ ನನ್ನ ಹೆಸರಿದ್ದರೆ, ನೋಡಿದಾಗಲೆಲ್ಲ ನನ್ನನ್ನೂ ಒಂದಿಷ್ಟು ನೋಡಿದ ಹಾಗಾಯಿತಲ್ಲ, ಅಷ್ಟೇ ನನ್ನ ಆಸೆ. ನಾಮಕರಣದ ದಿನ ರೇಷ್ಮೆ ಸೀರೆ ಉಟ್ಟು ಹೋದೆ.

ಹಡಗಿನ ಮೂತಿಯ ಮೇಲಿನ ಬಟ್ಟೆ ಸರಿಯಿತು. ‘ಅಂಬುಜಾಕ್ಷಿ’ ಎಂದಿತ್ತು. ಅಂಬುಜಾಕ್ಷಿ ಶೇಷಗಿರಿಯವರ ಹೆಂಡತಿ. ಇವರು ತಮ್ಮ ಪಾಲಿನ ಮರ್ಯಾದೆಯನ್ನು ಗೆಳೆಯನಿಗೆ ಬಿಟ್ಟುಕೊಟ್ಟಿದ್ದರು! ಅವಳು ತೆಂಗಿನಕಾಯಿ ಒಡೆದಳು, ಜನ ಚಪ್ಪಾಳೆ ತಟ್ಟಿದರು, ಹಡಗು ಉದ್ದಕ್ಕೆ ಕೂಗಿತು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಮನೆಗೆ ಬಂದವಳೇ, “ನನ್ನ ಹೆಸರು ನಿಮ್ಮ ಬಾಯಿಗೆ ಬರಲಿಲ್ಲವೇನ್ರೀ?” ಎಂದು ಕೇಳಿದೆ.

“ಶೇಷಗಿರಿ ತುಂಬ ಆಸೆಪಟ್ಟು ಕೇಳಿದ.”

“ಓಹೋ! ನಾನು ಬಾಯಿಬಿಟ್ಟು ಕೇಳಲಿಲ್ಲ, ಅದೇ ನನ್ನ ತಪ್ಪು!”

ಇನ್ನೇನೋ ಹೇಳಲು ಹೊರಟವರು ಕೈಕಾಲು ತೊಳೆಯಲು ಎದ್ದುಹೋದರು. ಅವತ್ತು ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ತುಟಿಪಿಟಕ್ಕೆನ್ನದೆ ಉಂಡೆದ್ದರು, ಅದಕ್ಕೂ ಸಿಟ್ಟು ಬಂತು.

ಆಮೇಲಿನ ವರ್ಷಗಳಲ್ಲಿ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಬೀದಿಯ ಮಕ್ಕಳು “ಅಂಬುಜಾಕ್ಷಿ ಬಂತು!” ಎಂದು ಕೂಗುತ್ತ ದಡಕ್ಕೆ ಓಡುತ್ತಿದ್ದವು. ಇವರು ಊಟಕ್ಕೆ ಕೂತು, “ಅಂಬುಜಾಕ್ಷಿ ಇವತ್ತು ಸ್ವಲ್ಪ ವಾಲಿಕೊಂಡು ಬಂದಳು” ಅನ್ನುತ್ತಿದ್ದರು. ಕಣ್ಣ ಸುತ್ತ ಅವೇ ಕೆಂಪು ಉಂಗುರ, ಈಗ ಇನ್ನೊಬ್ಬಳ ಹೆಸರಲ್ಲಿ. ತರಕಾರಿ ಅಂಗಡಿಯಲ್ಲಿ ಸಿಕ್ಕರೆ ಅಂಬುಜಾಕ್ಷಿ, “ನಿನ್ನೆ ನಾನು ಆಚೆ ದಡದಲ್ಲಿದ್ದೆ ಕಣ್ರೀ, ಸಿಮೆಂಟು ಇಳಿಸೋಕೆ” ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡು ನಗುತ್ತಿದ್ದಳು. ಒಳ್ಳೆಯ ಹೆಂಗಸು. ಅದೇ ನನಗೆ ಇನ್ನಷ್ಟು ಉರಿ. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಕಡೆಗೊಂದು ದಿನ ಇವರು ಧಕ್ಕೆಗೆ ಹೋದ ಹಾಗೇ ವಾಪಸು ಬಂದರು. “ಅಂಬುಜಾಕ್ಷಿ ಗುಜರಿಗೆ ಹೋಯ್ತು. ಒಡೀತಿದ್ದಾರೆ. ಬಾ, ಶೇಷಗಿರಿ ಮನೆಯವರ ಜೊತೆ ನಿಂತ್ಕೊಳ್ಳೋಣ.” ನಿಜ ಹೇಳುತ್ತೇನೆ, ಒಂದು ಕ್ಷಣ ನನಗೆ ಹಬ್ಬವಾಯಿತು.

ದಡಕ್ಕೆ ಎಳೆದು ಹಾಕಿದ್ದ ಹಡಗಿನ ಮೂತಿಗೆ ಏಣಿ ಆನಿಸಿ, ಒಬ್ಬಾತ ಗ್ಯಾಸ್ ಕಟರ್ ಹಿಡಿದು ತಗಡು ಕತ್ತರಿಸುತ್ತಿದ್ದ. ‘ಅಂ’ ಆಗಲೇ ನೆಲಕ್ಕೆ ಬಿದ್ದಿತ್ತು. ಅಂಬುಜಾಕ್ಷಿ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು. ಶೇಷಗಿರಿಯವರು ಅವಳ ತೋಳು ಹಿಡಿದುಕೊಂಡಿದ್ದರು.

ಇವರು ನನ್ನ ಕಿವಿಯ ಹತ್ತಿರ ಬಾಗಿದರು. “ಇದಕ್ಕೇ ಕಣೇ ನಿನ್ನ ಹೆಸರು ಕೊಡಲಿಲ್ಲ. ಮುದಿ ಹಡಗಿಗೆ ಹೆಸರು ಬದಲಾಯ್ತು ಅಂದ್ರೆ ಅದೇ ಅದರ ಕೊನೇ ಹೆಸರು. ನಮ್ಮ ಕಟ್ಟೆಯವರಿಗೆಲ್ಲ ಗೊತ್ತು. ನಿನ್ನ ಹೆಸರನ್ನ ಹೀಗೆ ಕೊಯ್ಯೋದನ್ನ ನನ್ನ ಕೈಲಿ ನೋಡೋಕಾಗ್ತಿತ್ತಾ?”

ನಾನು ಇವರ ಕಡೆ ತಿರುಗಿದೆ. “ಆಗಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಅಂಬುಜಾಕ್ಷಿ ಕಿವಿಗೆ ಹಾಕದೆ ಬಿಡ್ತಿದ್ದೆಯಾ?”

“ಮತ್ತೆ ಶೇಷಗಿರಿಯವರಿಗೆ ಇದು ಗೊತ್ತಿರಲಿಲ್ವಾ?” ಎಂದೆ.

“ಗೊತ್ತಿಲ್ದೆ ಏನು! ಬೇಡ ಅಂತ ನಾನೇ ಹೇಳಿದೆ. ‘ತೇಲುವಷ್ಟು ದಿನ ತೇಲಲಿ ಕಣಯ್ಯಾ, ಅವಳು ನೋಡಿ ಖುಷಿಪಡಲಿ’ ಅಂದ, ಹುಚ್ಚ.”

‘ಜಾ’ ಠಣ್ಣೆಂದು ಬಿತ್ತು. ಹಡಗಿನ ಖಲಾಸಿಗಳು, ಬೀದಿಯ ಮಕ್ಕಳು, ಕಟ್ಟೆಯ ಹುಚ್ಚರು ಎಲ್ಲರೂ ಅಂಬುಜಾಕ್ಷಿಯ ಸುತ್ತ ಸೇರಿ ಸಮಾಧಾನ ಮಾಡುತ್ತಿದ್ದರು. ನನ್ನ ಹೆಸರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇವರು ಅಷ್ಟು ಜೋಪಾನ ಮಾಡಿದ್ದರು. ಆದರೆ ಅದು ಒಂದು ದಿನವೂ ನೀರಿಗಿಳಿಯಲಿಲ್ಲವಲ್ಲ! ಅಳುತ್ತಿದ್ದ ಆ ಹೆಂಗಸನ್ನು ನೋಡಿ ಅವತ್ತು ಪಟ್ಟಷ್ಟು ಹೊಟ್ಟೆಕಿಚ್ಚನ್ನು ನಾನು ಹಿಂದೆಂದೂ ಪಟ್ಟಿರಲಿಲ್ಲ. ತಡೆಯಲಾರದೆ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅಂಬುಜಾಕ್ಷಿಗಾಗಿ ಅಳುತ್ತಿದ್ದೇನೆಂದು ತಿಳಿದು ಇವರು ನನ್ನ ಬೆನ್ನು ಸವರುತ್ತ ನಿಂತರು.