ಕೂಸು ಕಾಯುವ ಮುಯ್ಯಾಳು

ಕನ್ನಡ ನಾಡು ಒಂದಾದ ಹೊಸತು. ಬನವಾಸಿ ಕಡೆಯ ಹುಣಸೆಕೇರಿಯ ಜನಕ್ಕೆ ಆ ವರ್ಷ ತಲೆ ಎತ್ತಿ ತಿರುಗಾಡುವುದೇ ಕಷ್ಟವಾಗಿತ್ತು. ಮೂರನೇ ಇಯತ್ತೆಯಲ್ಲಿ ಪೇಟೆ ಶಾಲೆಯ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಪಾಸು, ಕೇರಿ ಶಾಲೆಯಲ್ಲಿ ಬೆರಳೆಣಿಕೆಯಷ್ಟು. ನೀಲಗಂಗವ್ವನ ಮಗಳು ಪಾರವ್ವ ಎರಡನೇ ಸಲ ನಪಾಸಾಗಿದ್ದಳು. ಎರಡೂ ಕಡೆ ಕಲಿಸುವುದು ಅದೇ ಪಾಠ. ಹಾಗಾದರೆ ತಪ್ಪು ನಮ್ಮ ಮಕ್ಕಳ ತಲೆಯದ್ದೇ ಎಂದು ನೀಲಗಂಗವ್ವ ತೀರ್ಮಾನಿಸಿಬಿಟ್ಟಳು. ಈ ನಾಟಿಯಿಂದ ಹುಡುಗಿಯನ್ನು ಶಾಲೆ ಬಿಡಿಸುವುದೆಂದು ಗಂಡ ಶಿವಲಿಂಗಪ್ಪನಿಗೂ ಹೇಳಿದಳು.

ನಾಟಿ ಶುರುವಾದ ವಾರ ಕೇರಿ ಶಾಲೆಯಲ್ಲಿ ಕಲಿಸುವ ವಿನೋದಾ ಅಕ್ಕೋರು ಗದ್ದೆಗೇ ಬಂದರು. ಸುರಿಯುವ ಮಳೆಯಲ್ಲಿ ಸೀರೆ ಎತ್ತಿ ಕಟ್ಟಿ ಕೆಸರು ತುಳಿದು ಬಂದ ಆ ಹೆಣ್ಣುಮಗಳ ಗಟ್ಟಿತನ ಮೆಚ್ಚುವಂಥದ್ದು. ಅವರ ಅರ್ಧ ಶಾಲೆ ಬದುವಿನ ಮೇಲೇ ಇತ್ತು. ಒಬ್ಬೊಬ್ಬ ಹುಡುಗಿಯ ಕಂಕುಳಲ್ಲೂ ಒಂದೊಂದು ಕೂಸು.

"ನೀಲಗಂಗವ್ವ, ಪಾರವ್ವನ್ನ ಸಾಲೀಗೆ ಕಳಸ್ರಿ."

"ಬಿಡ್ರಿ ಅಕ್ಕೋರ. ಪ್ಯಾಟಿ ಹುಡುಗ್ರಿಗೆ ಹತ್ತಿದಂಗ ನಮ್ಮ ಹುಡುಗ್ರಿಗೆ ವಿದ್ಯಾ ಹತ್ತಂಗಿಲ್ಲ. ಕೂಸಿನ್ನಾರ ನೋಡ್ಕೊಂಡಿರ್ಲಿ."

ಅಷ್ಟರಲ್ಲಿ ಪಾರವ್ವನ ಕಂಕುಳಲ್ಲಿದ್ದ ಕೂಸು, ಅವಳ ತಮ್ಮ, ಕಿರುಚಿತು. ಅವಳು ಅದನ್ನು ತೂಗುತ್ತ ಜೋಗುಳದ ಧಾಟಿಯಲ್ಲಿ ಮಗ್ಗಿ ಹೇಳತೊಡಗಿದಳು. ಎರಡರದು, ಮೂರರದು, ನಾಲ್ಕರದು... ಆರರ ಮಗ್ಗಿಯವರೆಗೆ ಎಲ್ಲೂ ತಪ್ಪಲಿಲ್ಲ. ಮತ್ತೆ ಎರಡರಿಂದ ಶುರು ಮಾಡಿದಳು.

"ಏಳರದು ಹೇಳವಾ," ಎಂದರು ಅಕ್ಕೋರು.

"ಬರಂಗಿಲ್ರಿ. ಅದನ್ನ ಕಲಿಸಿದಾಗ ನಾ ಇಲ್ಲೇ ಗದ್ದ್ಯಾಗಿದ್ನಿ."

ನೀಲಗಂಗವ್ವನ ಸಸಿಯ ಕಟ್ಟು ಕೈಯಲ್ಲೇ ಉಳಿಯಿತು. ದಿನವೂ ಕಿವಿಗೆ ಬೀಳುತ್ತಿದ್ದುದು ಪಾಠವೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಹಂಗಾರ ನನ್ನ ಮಗಳು ದಡ್ಡಿ ಅಲ್ಲೇನ್ರಿ?"

"ಅಲ್ರಿ. ಪ್ಯಾಟಿ ಹುಡುಗ್ರು ನಾಟಿ ಬಂದ್ರೂ ಸುಗ್ಗಿ ಬಂದ್ರೂ ಸಾಲ್ಯಾಗ ಇರ್ತಾವ. ನಿಮ್ಮವು ಗದ್ದ್ಯಾಗ. ಅಷ್ಟ ಫರಕು."

ನೀಲಗಂಗವ್ವನ ಕಣ್ಣು ತುಂಬಿತು. "ಖರೆ ಅಕ್ಕೋರ. ಆದ್ರ ಕೂಸಿನ್ನ ಯಾರು ನೋಡಬೇಕ್ರಿ?"

"ಇವತ್ತು ಇವರ ಗದ್ದಿ, ನಾಳೆ ಅವರ ಗದ್ದಿ ಅಂತ ಎಲ್ಲಾರೂ ಕೂಡಿ ಮುಯ್ಯಾಳು ನಾಟಿ ಮಾಡ್ತೀರಿ. ಕೂಸು ನೋಡಾಕೂ ಮುಯ್ಯಾಳು ಮಾಡ್ರಿ. ದಿನಾ ಒಬ್ಬಾಕಿ ಸಾಲಿ ಜಗಲ್ಯಾಗ ಎಲ್ಲಾ ಕೂಸುಗಳನ್ನ ನೋಡ್ಲಿ."

"ಆಕೀ ಪಾಲಿನ ನಾಟಿ?"

ನೆರೆಮನೆಯ ಸಿದ್ದವ್ವ ಸೊಂಟ ನೆಟ್ಟಗೆ ಮಾಡಿ ನಕ್ಕಳು. "ನಾವೇನು ಸತ್ತೇವೇನವಾ? ನಾವು ಹಚ್ತೀವಿ ತಗೋ. ಹರಟಿ ಕಡಿಮಿ ಮಾಡಿದ್ರ ಆತು!"

ಮರುದಿನವೇ ಶಾಲೆಯ ಜಗಲಿಯ ತೊಲೆಗೆ ಹಳೆ ಸೀರೆಯ ಜೋಲಿಗಳು ತೂಗಾಡಿದವು. ಮೊದಲ ಸರದಿ ನೀಲಗಂಗವ್ವನದು. ಕೂಸುಗಳ ರಂಪಕ್ಕೆ ಅವಳಿಗೆ ಸಾಕುಸಾಕಾಯಿತು, ಇದಕ್ಕಿಂತ ನಾಟಿಯೇ ವಾಸಿ ಎಂದು ಗೊಣಗಿದಳು. ಆದರೂ ಸುಗ್ಗಿಯಲ್ಲೂ ಸರದಿ ತಪ್ಪಿಸಲಿಲ್ಲ. ಕೇರಿಯ ಹೆಂಗಸರ ಈ ಒಗ್ಗಟ್ಟನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಸುದ್ದಿ ಕೇಳಿದ ಪೇಟೆ ಶಾಲೆಯ ಮಾಸ್ತರರು ತಮ್ಮ ಶಾಲೆಯ ಮಕ್ಕಳು ಓದಿ ಮುಗಿಸಿದ ಪುಸ್ತಕಗಳನ್ನು ಕಳಿಸಿಕೊಟ್ಟರು.

ಆ ವರ್ಷ ಪಾರವ್ವ ಪಾಸಾದಳು. ಕೇರಿ ಶಾಲೆ ಪೇಟೆ ಶಾಲೆಯ ಸಮಕ್ಕೆ ಇನ್ನೂ ಬಂದಿರಲಿಲ್ಲ, ಆದರೆ ಹತ್ತಿರ ಬಂದಿತ್ತು. "ಮುಂದಿನ ಇಯತ್ತೆಗೂ ಹೋಗ್ಲಿ, ಅದರ ಮುಂದಿನದಕ್ಕೂ ಹೋಗ್ಲಿ," ಎಂದು ಶಿವಲಿಂಗಪ್ಪನೇ ಹೇಳಿದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಊರಲ್ಲೂ ಹಿಂದೆ ಬಿದ್ದ ಶಾಲೆಯೊಂದು ಇದ್ದೀತು. ಅಲ್ಲಿನ ಮಕ್ಕಳನ್ನು ವರ್ಷವಿಡೀ ಶಾಲೆಯಲ್ಲಿ ಕೂರಲು ಬಿಟ್ಟಿದ್ದೇವೆಯೇ ಎಂದು ಮೊದಲು ಕೇಳಿಕೊಳ್ಳಿ. ಇಲ್ಲವಾದರೆ ನಾಳೆಯೇ ನೆರೆಯವರನ್ನು ಕೂಡಿಸಿ ಸರದಿ ಹಚ್ಚಿ. ನಮ್ಮ ಮಕ್ಕಳಿಗೆ ವಿದ್ಯೆ ಹತ್ತುವುದಿಲ್ಲ ಎಂಬ ಮಾತನ್ನು ಮಾತ್ರ ಅವರೆದುರು ಆಡಬೇಡಿ. ಅವರು ಅದನ್ನು ನಂಬಿಬಿಡುತ್ತಾರೆ.