ಆಶಾರಾಣಿ ಹೆಸರೆತ್ತದ ಊರು

ಆಶಾರಾಣಿ ಹರಿಹರದ ಹೆಸರೆತ್ತುತ್ತಿರಲಿಲ್ಲ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಚೀಲ ಹೊಲಿಯುವ ಕಾರ್ಖಾನೆಯೊಂದರ ಸೂಪರ್‌ವೈಸರ್ ಆಕೆ. ಹದಿನಾಲ್ಕು ಕಿಲೋಮೀಟರಿನಾಚೆಯ ಆ ಊರಿಗೆ ಸರಕು ಏರಿಸುವಾಗಲೂ "ಹೊಳೆ ಊರಿನ ಲೋಡು" ಎಂದೇ ಕೂಗುವಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಯಾರಾದರೂ ಹಿಂದಿನಿಂದ ಕರೆದಾರೆಂದು ಅಂಜಿದವಳಂತೆ ಬಿರುಸಾದ ನಡಿಗೆ. ನಲವತ್ತೇಳರ ಆಕೆ ಎದುರಾದರೆ ಹೊಲಿಗೆಯ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

ಕಾಲೇಜಿನ ದಿನಗಳಲ್ಲಿ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದ ಕರಿಬಸವರಾಜನನ್ನು ಆಕೆ ಪ್ರೀತಿಸಿದ್ದಳು. ಅವನ ತಾಯಿ ಒಪ್ಪಲಿಲ್ಲ. "ಒಂದ್ ವರ್ಷ ತಡಿ, ಅವ್ವನ್ನ ಒಪ್ಪಿಸ್ತೀನಿ" ಎಂದವನು ಮೂರೇ ತಿಂಗಳಲ್ಲಿ ತಾಯಿ ತೋರಿಸಿದ ಹುಡುಗಿಗೆ ತಾಳಿ ಕಟ್ಟಿದ. ಅಣ್ಣ ನಿಂಗರಾಜು ತಂದ ವರಗಳಿಗೆಲ್ಲ ಆಕೆ ಒಂದೊಂದು ಕೊಂಕು ಹುಡುಕಿದಳು. ಒಬ್ಬನ ನಗು ಜೋರು. ಇನ್ನೊಬ್ಬ ಮಾತಾಡುವಾಗ ಮುಖ ನೋಡುವುದಿಲ್ಲ. ಇಪ್ಪತ್ತೈದು ವರ್ಷ ಎಲ್ಲರನ್ನೂ ಆ ಒಬ್ಬನ ಪಕ್ಕದಲ್ಲಿ ನಿಲ್ಲಿಸಿ ಅಳೆದಳು.

ಹೋದ ಯುಗಾದಿ ಕಳೆದ ಮೇಲೊಂದು ಭಾನುವಾರ ಬೆಳಿಗ್ಗೆ ಆನೆಕೊಂಡದಲ್ಲಿ ಆಕೆ ಅಣ್ಣನೊಂದಿಗಿದ್ದ ಮನೆಗೆ ಕರಿಬಸವರಾಜನೇ ಬಂದ. ತಲೆ ಬೋಳಾಗಿತ್ತು, ಹೆಂಡತಿ ತೀರಿ ಎಂಟು ತಿಂಗಳಾಗಿತ್ತು. ಅತ್ತಿಗೆ ಶೋಭಾರಾಣಿ ಚಹಾ ಕೊಟ್ಟು ಆಸೆಯಿಂದ ಬಾಗಿಲಲ್ಲೇ ನಿಂತಳು.

"ಅವ್ವ ಹಾಸಿಗೆ ಹಿಡಿದಾಳೆ. ನೋಡ್ಕೊಳ್ಳಾಕೆ ಮನ್ಯಾಗೆ ಒಬ್ರು ಬೇಕಲ್ಲ" ಎಂದ ಅವನು. "ನೀನು ಹೆಂಗೂ ಒಬ್ಬಾಕೆನೇ ಅದಿ ಅಂತ ಕೇಳ್ದೆ..."

ಆಶಾರಾಣಿ ಅವನ ಮುಖವನ್ನೇ ನೋಡಿ ಕೇಳಿದಳು, "ಇಷ್ಟು ವರ್ಷ ನನ್ ನೆನಪು ಬಂದಿತ್ತಾ?"

"ಸುಳ್ಳು ಯಾಕ ಹೇಳ್ಲಿ? ಸಂಸಾರದಾಗೆ ಪುರಸೊತ್ತೆಲ್ಲಿತ್ತು?"

ಹಿಂದೆ ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದವಳು, "ಚಾ ಕುಡ್ದು ಹೋಗ್ರಿ" ಎಂದು ಎದ್ದಳು.

ಅವನು ಹೋದ ಮೇಲೆ ಅತ್ತಿಗೆ ಮೆಲ್ಲಗೆ, "ಈಗಾದ್ರೂ ಮರ್ತುಬಿಡವ್ವ ಆಶಾ" ಎಂದಳು.

"ಮರ್ತೆ ಅತ್ತಿಗೆ. ಇನ್ನ ಏನಿಟ್ಕೊಂಡು ಇರ್ಲಿ?"

ಆ ವಾರವೆಲ್ಲ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಆ ಹಳೆಯ ಹುಡುಗನನ್ನು ನೆನೆಯಲು ನೋಡಿದಳು. ಪ್ರತಿ ಸಲವೂ ಬಂದವನು ಸೊರ್ರನೆ ಚಹಾ ಹೀರುವ ಬೋಳುತಲೆಯವನೇ.

ಕಳೆದ ಪ್ರೇಮವನ್ನು ಎದೆಯಲ್ಲಿ ಪ್ರತಿಷ್ಠಾಪಿಸಿಕೊಂಡವರ ದುರ್ದೈವ ಇಂಥದು. ಬಿಟ್ಟುಹೋದವನ ವಿರಹವನ್ನು ಅವರು ಹೇಗೋ ತಾಳಿಕೊಳ್ಳುತ್ತಾರೆ, ಅದಕ್ಕೊಂದು ಘನತೆಯನ್ನೂ ಕಟ್ಟಿಕೊಡುತ್ತಾರೆ. ಇಡೀ ಆಯುಷ್ಯ ಸವೆಸಿದ್ದು ಎಂಥ ಸಾಧಾರಣ ಮನುಷ್ಯನಿಗಾಗಿ ಎಂಬುದು ತಿಳಿದ ದಿನದಿಂದ ಮಾತ್ರ ಅವರಿಗೆ ಅಳುವುದಕ್ಕೂ ಕಾರಣ ಉಳಿಯುವುದಿಲ್ಲ.