ಸೂಲಗಿತ್ತಿಯ ಹೆಸರು

ಮಧುಗಿರಿಯ ರೇಣುಕಯ್ಯನ ಮನೆಯಲ್ಲಿ ತಂಗಿ ಕಮಲಾಕ್ಷಮ್ಮ ಹಡೆದು ಎರಡು ದಿನವಾಗಿತ್ತು. ಬಿಸಿ ಅನ್ನ, ಮೆಣಸಿನ ಸಾರು, ಕೋಣೆಗೆ ಸಾಂಬ್ರಾಣಿ, ಎಲ್ಲ ಅಚ್ಚುಕಟ್ಟು. ನೀರು ಮಾತ್ರ ಇಲ್ಲ. ಹಸಿ ಬಾಣಂತಿಗೆ ನೀರು ಕೊಟ್ಟರೆ ಸನ್ನಿ ಹಿಡಿಯುತ್ತದಂತೆ!

“ಮೈ ಸುಡ್ತಾದೆ ಕಣವ್ವ, ನಾಲ್ಗೆ ಒಣಗೋಗದೆ. ಕಾಯ್ಸಿ ಆರಿಸಿದ್ ನೀರು ಕೊಡ್ರವ್ವ,” ಎಂದಳು ಊರಾಚೆ ಹಟ್ಟಿಯ ಸೂಲಗಿತ್ತಿ ಮುನಿಯಮ್ಮ.

ಅಜ್ಜಿ ಸಿದ್ದಗಂಗಮ್ಮ ರೇಗಿದರು. “ನೀನ್ಯಾವಳೇ ಹೇಳಾಕೆ? ನಮ್ಮ ರೇಣುಕ ವೈದ್ಯ ಓದ್ತಾವ್ನೆ. ಅವ್ನೇ ಹೇಳ್ಲಿ.”

ಪಾಠಶಾಲೆಯಲ್ಲಿ ಆಯುರ್ವೇದ ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ರೇಣುಕಯ್ಯನಿಗೆ ಮುನಿಯಮ್ಮನ ಮಾತೇ ಸರಿ ಅನ್ನಿಸಿತು. ಬಾಯಿಂದ ಬಂದದ್ದು ಮಾತ್ರ, “ಗುರುಗಳು ಹೇಳಿಕೊಟ್ಟಿಲ್ಲ ಅಜ್ಜಿ.”

ಐದನೆಯ ದಿನ ಕಮಲಾಕ್ಷಮ್ಮ ನೀರು ನೀರು ಎನ್ನುತ್ತಲೇ ಕಣ್ಣು ಮುಚ್ಚಿದಳು. ಮಾತು ಕೇಳುವ ಮೊದಲು ಆಡಿದವರ ಜಾತಿ ಕೇಳುವ ಈ ಹಾಳು ಪದ್ಧತಿಗೆ ಇನ್ನೆಷ್ಟು ಬಾಣಂತಿಯರು ಬೇಕೋ!

ಆಮೇಲೆ ಎರಡು ವರ್ಷ ರೇಣುಕಯ್ಯ ಮುನಿಯಮ್ಮನ ಹಿಂದೆ ಹಟ್ಟಿಹಟ್ಟಿ ತಿರುಗಿ ಅವಳು ಕಂಡದ್ದನ್ನೆಲ್ಲ ಬರೆದುಕೊಂಡ. ದವಾಖಾನೆಗೆ ಹೋಗಿ ಜ್ವರ ಅಳೆಯುವುದನ್ನು ಕಲಿತ. “ಕಷಾಯದವನಿಗೆ ಇಲ್ಲೇನಯ್ಯಾ ಕೆಲಸ?” ಎಂದು ಅಲ್ಲಿನ ಡಾಕ್ಟರರು ನಕ್ಕರು. ಪಾಠಶಾಲೆಯ ಪಂಕ್ತಿಯಲ್ಲಿ ಜೊತೆಯವರು ಎಲೆ ಎಳೆದುಕೊಂಡು ದೂರ ಸರಿದರು. ಅವನು ಅಲ್ಲಿಗೂ ಬೇಡ, ಇಲ್ಲಿಗೂ ಬೇಡ. ಕೇಳುವವರಿಲ್ಲದೆ ಬೆಟ್ಟದ ಬುಡದಲ್ಲಿ ಕೂತು ತಾನು ಬರೆದದ್ದನ್ನು ತನಗೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ, ಪಾಪ.

ಪರೀಕ್ಷೆಯ ದಿನ ಗುರುಗಳಾದ ಪಂಡಿತ ಪರ್ವತಯ್ಯನವರು ಬಾಣಂತಿಯ ಆರೈಕೆಯ ಮೇಲೆ ಅವನು ಬರೆದಿದ್ದ ಪ್ರಬಂಧ ಓದಿ ಮಡಿಚಿಟ್ಟರು. “ಬರವಣಿಗೆ ಚೆನ್ನಾಗಿದೆಯಪ್ಪ. ಆದರೆ ಪ್ರಮಾಣ ಕೊಡಬೇಕಾದ ಕಡೆಯೆಲ್ಲ ‘ಸೂಲಗಿತ್ತಿ ಮುನಿಯಮ್ಮ’ ಅಂತ ಬರೆದಿದ್ದೀಯಲ್ಲ! ಆ ಹೆಸರು ಹೊಡೆದುಹಾಕು. ‘ಹಿರಿಯರ ಮತ’ ಅಂತ ಹಾಕು. ವಿದ್ವತ್ತು ನಿನ್ನದೇ.”

ರೇಣುಕಯ್ಯ ಪ್ರಬಂಧವನ್ನು ಕೈಗೆತ್ತಿಕೊಂಡ. “ಅದು ಮುನಿಯಮ್ಮನ ಮಾತು ಅನ್ನೋ ಕಾರಣಕ್ಕೇ ನನ್ನ ತಂಗಿಗೆ ನೀರು ಸಿಗಲಿಲ್ಲ ಗುರುಗಳೇ. ಆ ದಿನ ನಾನು ಹೇಡಿಯಾದೆ. ಇವತ್ತು ಆಗಲಾರೆ.”

ಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬನೇ ಮನೆಗೆ ನಡೆದ.

“ಪಾಸಾಯ್ತೇನ್ಲಾ?” ಎಂದರು ಅಜ್ಜಿ.

“ಇಲ್ಲಜ್ಜಿ,” ಎಂದು ನಡೆದದ್ದನ್ನೆಲ್ಲ ಹೇಳಿದ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟರು.

ಮಾರನೆಯ ಬೆಳಿಗ್ಗೆ ಅವರು ಪಕ್ಕದ ಮನೆಯ ಹಸಿ ಬಾಣಂತಿ ಇಂದ್ರಮ್ಮನ ಮುಂದೆ ಕಾಯಿಸಿ ಆರಿಸಿದ ನೀರಿನ ಚೊಂಬು ಹಿಡಿದು ನಿಂತಿದ್ದರು. ಇಂದ್ರಮ್ಮನ ಅತ್ತೆ ಅಡ್ಡ ಬಂದು, “ಯಾವ ಪಂಡಿತರು ಹೇಳಿದ್ರು ಇದ್ನ?” ಎಂದರು.

“ಮುನಿಯಮ್ಮ ಹೇಳವ್ಳೆ,” ಎಂದರು ಸಿದ್ದಗಂಗಮ್ಮ. “ಕುಡಿ ಮಗ.”